ತಿಳಿನೀಲಿ

ಅಪ್ಪ ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಕಿರಿದು ಮಾಡಿ, "ತಿಳಿ! ಪಾಸು!" ಎಂದ.

ಮಗಳೂ ಬಗ್ಗಿ ನೋಡಿದಳು. ನೀರಿನಲ್ಲಿ ನೀಲಿ ಉಳಿದಿತ್ತು.

ಕಾರ್ಖಾನೆಯಲ್ಲಿ ಅವಳು ತಾನೊಬ್ಬಳೇ ತಯಾರಿಸಿದ ಮೊದಲ ರಾಳದಲ್ಲಿ ಸೋಸಿದ ನೀರು ಅದು. ರಾಳವೆಂದರೆ ಸಾಸಿವೆಯಷ್ಟೇ ಮಣಿಗಳು, ಆದರೆ ಏಡಿ ಕೊಂಡಿಯಲ್ಲಿ ಹಿಡಿದಂತೆ ನೀರಿನೊಳಗಿನ ಲೋಹವನ್ನು ಕಚ್ಚಿ ಹಿಡಿಯಬೇಕು. ತಾಮ್ರ ಬೆರೆತ ನೀಲಿ ನೀರನ್ನು ಮಣಿಗಳ ಮೇಲೆ ಹೊಯ್ದರೆ ಕೆಳಗೆ ಬಣ್ಣವೇ ಇಲ್ಲದ ನೀರು ಇಳಿಯಬೇಕು. ಇಳಿಯಿತೋ ಇಲ್ಲವೋ ಎಂದು ಹೇಳುವ ಯಂತ್ರ ಕೆಟ್ಟು ಮೂಲೆ ಸೇರಿತ್ತು; ಅಪ್ಪನ ಕಣ್ಣಿದ್ದ ಮೇಲೆ ರಿಪೇರಿ ಯಾಕೆ ಎಂದು ಎಲ್ಲರೂ ಸುಮ್ಮನಿದ್ದರು. "ರಾಳಕ್ಕೆ ಲೋಹದ ಮೋಹ, ನನಗೆ ರಾಳದ ಮೋಹ" ಎನ್ನುತ್ತ ಅವನೂ ಬೀಗುತ್ತಿದ್ದ.

"ಅಪ್ಪಾ, ಇನ್ನೊಂದ್ಸಲ ನೋಡು."

ಅಪ್ಪ ಮೂಗು ಹಿಡಿದು ಮ್ಯಾನೇಜರರ ದನಿ ತೆಗೆದ: "ಏನಮ್ಮಾ, ಅಪ್ಪನೇ ಪಾಸು ಅಂದ್ಮೇಲೆ ಮಗಳದ್ದೇನು ತಕರಾರು?"

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಯಿಬಿಟ್ಟರೆ ತನ್ನ ಮಾಲು ಚರಂಡಿ ಪಾಲು. ಅದು ಹಾಳಾಗಿ ಹೋಗಲಿ, ಅಪ್ಪನ ಕುರ್ಚಿಯೂ ಹೋಗುತ್ತದೆ. ಬಾಯಿ ಮುಚ್ಚಿಕೊಂಡರೆ ಈ ಮಣಿಗಳು ಯಾರದೋ ಕುಡಿಯುವ ನೀರಿನ ಫಿಲ್ಟರು ಸೇರುತ್ತವೆ.

"ನೀಲಿ ಇದೆಯಪ್ಪಾ."

ಅಪ್ಪ ಕೊಳವೆಯನ್ನು ಹತ್ತಿರ ತಂದ, ದೂರ ಹಿಡಿದ, ಬಿಳಿ ಹಾಳೆಯ ಮುಂದೆ ಓರೆ ಮಾಡಿದ.

"ಎಲ್ಲೇ?"

ಅವಳು ಕೊಳವೆಯ ಮೇಲೆ ಬೆರಳಿಟ್ಟು ತೋರಿಸಿದಳು.

"ಈಚೆಗೆ ಆಕಾಶಾನೂ ಮಾಸಿದ ಹಾಗಿರುತ್ತೆ," ಎಂದ ಅಪ್ಪ, ಮೆಲ್ಲಗೆ. "ಮೋಡ ಅಂದ್ಕೊಂಡಿದ್ದೆ."

ಆಮೇಲೆ ಎದ್ದು ಹಿಂದಿನ ಪರೀಕ್ಷೆಗಳ ನೀರು ತುಂಬಿಟ್ಟ ಸೀಸೆಗಳಿದ್ದ ಕಪಾಟು ತೆರೆದ. ಎಲ್ಲವೂ ಅವನೇ ಪಾಸು ಮಾಡಿದ್ದವು.

"ಇದು?"

"ತಿಳಿ."

"ಇದು?"

"ತಿಳಿ."

"ಅಪ್ಪನ ಮುಖ ನೋಡ್ಬೇಡ, ಸೀಸೆ ನೋಡು. ಇದು?"

"ನೀಲಿ. ಸ್ವಲ್ಪ."

"ಸ್ವಲ್ಪ ಅಂದ್ರೂ ನೀಲೀನೇ ಕಣೇ." ಸೀಸೆಯನ್ನು ಕಪಾಟಿಗೆ ವಾಪಸ್ ಇಡದೆ ಮೇಜಿನ ಮೇಲಿಟ್ಟ. "ಇದು?"

ಅದೂ ನೀಲಿ. ಅದರ ಪಕ್ಕದ್ದೂ. ಆ ನೀರು ಸೋಸಿದ ರಾಳವೆಲ್ಲ ಲಾರಿ ಹತ್ತಿ ಹೋಗಿ ಆಗಿತ್ತು.

ಅಪ್ಪ ಸ್ಟೂಲಿನ ಮೇಲೆ ಕುಸಿದ. ಅಳುವ ಅಪ್ಪನನ್ನು ಅವಳು ನೋಡಿರಲಿಲ್ಲ; ಈಗಲೂ ಅವನು ಅಳಲಿಲ್ಲ, ಕಣ್ಣುಗಳನ್ನು ಅಂಗೈಯಿಂದ ಗಟ್ಟಿಯಾಗಿ ಉಜ್ಜಿದ, ಒರೆಸಿದರೆ ಹೋಗುವ ಕೊಳೆಯೇನೋ ಎಂಬಂತೆ.

"ಫೋನ್ ಮಾಡು," ಎಂದ. "ಮ್ಯಾನೇಜರಿಗೆ ಆಮೇಲೆ. ಮೊದ್ಲು ಆ ಮಣಿ ಸೋಸಿದ ನೀರು ಕುಡಿಯೋರಿಗೆ."