ಎಡಗೈ ಕೊಡಲಿ

ಕೋರಲೀ ಟ್ಯಾಂಡಿ ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಜೇಡಿಗೆ ಸುಣ್ಣ, ಒಣಹುಲ್ಲು ಸೇರಿಸಿ ಕಲಸುತ್ತಿದ್ದಳು. ದಿಮ್ಮಿಗಳ ನಡುವಿನ ಸಂದಿಗೆ ಮೆತ್ತಲು ಇದೇ ಆಗಬೇಕು. ಸಿಮೆಂಟು ಹಾಕಿದರೆ ನೀರು ಒಳಗೇ ನಿಂತು ಮರ ಕೊಳೆಯುತ್ತದೆ. ಗಂಡ ಲೂಷಿಯಸ್ ಮಾತ್ರ ಅರ್ಧ ಗಂಟೆಯಿಂದ ಗೋಡೆಗೆ ಕೆನ್ನೆಯಿಟ್ಟು ನಿಂತಿದ್ದ.

"ಏನ್ರೀ, ಗೋಡೆ ಗುಟ್ಟು ಹೇಳ್ತಿದ್ಯಾ? ಜೋಳದ ಬ್ರೆಡ್ಡು ಆರಿಹೋಯ್ತು."

"ಹೇಳ್ತಿದೆ ಕಣೇ. ಬಾ ಇಲ್ಲಿ, ನೋಡು."

ಕೆಂಟಕಿಯ ಆ ಗುಡ್ಡದ ಮೇಲಿನ ದಿಮ್ಮಿ ಮನೆಗೆ ನೂರಾ ಅರವತ್ತು ವರ್ಷ. ಯಾವ ಕಾಲದಲ್ಲೋ ಯಾರೋ ಹೊರಗೋಡೆಗೆ ಹಲಗೆ ಹೊಡೆದು ಮುಚ್ಚಿದ್ದರು. ನಿನ್ನೆ ಲೂಷಿಯಸ್ ಹಲಗೆ ಕಿತ್ತಾಗ ಓಕ್ ಮರದ ಮೇಲಿನ ಕೊಡಲಿ ಗುರುತುಗಳು ಬಿಸಿಲು ಕಂಡವು. ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಬಲಗೈಯವನು ಕೆತ್ತಿದರೆ ವಾಲುವುದು ಅದರ ಎದುರು ದಿಕ್ಕಿಗೆ.

ಮನೆ ಕಟ್ಟಿದವನು ಕ್ಯಾಪ್ಟನ್ ಹಾರ್ಡೆಸ್ಟಿ ಎಂದು ಊರೇ ಹೇಳುತ್ತಿತ್ತು. ಅಲ್ಲ, ಅವನ ಗುಲಾಮನಾಗಿದ್ದ ನಮ್ಮ ಸೈಲಸ್ ಎಂದು ಟ್ಯಾಂಡಿ ಮನೆಯವರು ತಲೆತಲಾಂತರದಿಂದ ಹೇಳುತ್ತಿದ್ದರು. ಕೇಳಿದವರಿಲ್ಲ. ಲೂಷಿಯಸ್ ಈಗ ದುರಸ್ತಿ ಮಾಡುತ್ತಿದ್ದ ಈ ಮನೆ ಶನಿವಾರ ಜನರ ನೋಟಕ್ಕೆ ತೆರೆಯಲಿತ್ತು. 'ಕ್ಯಾಪ್ಟನ್ ತನ್ನ ಕೈಯಾರೆ ಕಟ್ಟಿದ ಮನೆ' ಎಂಬ ಫಲಕ ಆಗಲೇ ಸಿದ್ಧವಾಗಿತ್ತು.

ಫಲಕವನ್ನು ಕಾರಿನಲ್ಲಿ ಹಾಕಿಕೊಂಡು ಮಧ್ಯಾಹ್ನ ವಿನಿಫ್ರೆಡ್ ಹಾರ್ಡೆಸ್ಟಿ ಬಂದರು. ಕ್ಯಾಪ್ಟನ್ ವಂಶದವರು, ಮನೆ ಉಳಿಸುವ ಸಮಿತಿಗೂ ಅವರೇ ಯಜಮಾನಿ.

"ಲೂಷಿಯಸ್, ಗೋಡೆ ಬುಡಕ್ಕೆ ಹೊಸ ದಿಮ್ಮಿ ಇನ್ನೂ ಕೂರಿಸಿಲ್ವಾ ನೀನು?"

"ಕೂರಿಸ್ತೀನಿ ಅಮ್ಮಾ. ಮೊದ್ಲು, ಒಳಗೆ ಒಲೆ ಮೇಲೆ ತೂಗುಹಾಕಿರೋ ಕ್ಯಾಪ್ಟನ್ ಕೊಡಲಿ ತರ್ತೀರಾ?"

ಆಕೆ ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ತಂದರು. ದಿಮ್ಮಿ ಕೆತ್ತುವ ಕೊಡಲಿಗೆ ಒಂದೇ ಮುಖ ಚಪ್ಪಟೆ; ಗೆಣ್ಣು ಮರಕ್ಕೆ ತಾಗದಂತೆ ಅದರ ಹಿಡಿ ಕೆತ್ತುವವನ ಕೈಗೆ ತಕ್ಕ ಕಡೆಗೆ ಬಾಗಿರುತ್ತದೆ.

"ಈ ಗುರುತಿಗೆ ಇಟ್ಟು ನೋಡಿ. ಚಪ್ಪಟೆ ಮುಖ ಮರದ ಕಡೆಗಿರ್ಲಿ."

ಇಟ್ಟರು. ಅಲಗು ಗುರುತಿಗೆ ಅಡ್ಡವಾಯಿತು. ಮಗುಚಿ ಇಟ್ಟರು. ಸೊಟ್ಟ ಹಿಡಿ ಗೋಡೆಗೇ ಬಂದು, ಅವರ ಗೆಣ್ಣು ತರಚಿತು.

ಲೂಷಿಯಸ್ ತನ್ನ ಗಾಡಿಯಿಂದ ಗೋಣಿಯಲ್ಲಿ ಸುತ್ತಿದ್ದ ಕೊಡಲಿ ತಂದ. ಅದರ ಹಿಡಿ ಇನ್ನೊಂದು ಕಡೆಗೆ ಬಾಗಿತ್ತು. ಎಡಗೈಯಲ್ಲಿ ಹಿಡಿದು ಗುರುತಿಗೆ ಆನಿಸಿದ. ಒರಳಿಗೆ ಗುಂಡು ಕೂತ ಹಾಗೆ ಕೂತಿತು.

"ನಮ್ಮ ಅಜ್ಜನ ಅಜ್ಜ ಸೈಲಸ್ದು. ನಾಲ್ಕೂ ಗೋಡೆ ಹೀಗೇ ಇದೆ ಅಮ್ಮಾ."

"ಕ್ಯಾಪ್ಟನ್ನೂ ಎಡಚ ಆಗಿರ್ಬಹುದಲ್ಲ?"

"ಮತ್ತೆ ಅವ್ರ ಕೊಡಲಿ ಬಲಗೈದ್ಯಾಕೆ?" ಕೋರಲೀ ಮಣ್ಣಿನಿಂದ ತಲೆ ಎತ್ತದೆ ಕೇಳಿದಳು. "ಗೋಡೆಗೆ ಅಲಂಕಾರಕ್ಕಾ?"

ವಿನಿಫ್ರೆಡ್ ಮುಖ ಕೆಂಪಾಯಿತು. "ಕ್ಯಾಪ್ಟನ್ ಕಥೆ ಹೇಳಿದ್ದು ನಮ್ಮಜ್ಜಿ. ಅವ್ರು ಸುಳ್ಳು ಹೇಳೋರಲ್ಲ."

"ಇಲ್ಲ ಅಮ್ಮಾ. ಅವ್ರು ಕೇಳಿದ್ದನ್ನ ಹೇಳಿದ್ರು. ನಮ್ಮಜ್ಜೀನೂ ಅಷ್ಟೇ," ಎಂದ ಲೂಷಿಯಸ್ ಮೆತ್ತಗೆ.

ಆಕೆ ತರಚಿದ ಗೆಣ್ಣನ್ನು ನೋಡಿಕೊಳ್ಳುತ್ತಾ ಕಾರು ಹತ್ತಿದರು. ಫಲಕ ಅವರ ಜೊತೆಗೇ ಹೋಯಿತು.

ಉಳಿದ ಮೂರು ದಿನ ಲೂಷಿಯಸ್ ಹೊಸ ಬುಡದ ದಿಮ್ಮಿಯನ್ನು ಸೈಲಸ್‌ನ ಕೊಡಲಿಯಿಂದಲೇ ಕೆತ್ತಿದ.

"ಮುರಿದುಗಿರಿದು ಹೋದೀತು. ಹಳೇ ಕಾಲದ ವಸ್ತು ಅದು," ಎಂದಳು ಕೋರಲೀ.

"ಕೆಲಸದ ವಸ್ತು ಕಣೇ. ಸುಮ್ನೆ ಮಲಗಿಸಿದ್ರೆ ಅದಕ್ಕೇ ಅವಮಾನ."

ಹೊಸ ದಿಮ್ಮಿ ಕೂತಿತು. ಹೊಸ ಗುರುತುಗಳೂ ಹಳೆಯವು ವಾಲಿದ ಕಡೆಗೇ ವಾಲಿದವು.

ಶನಿವಾರ ಗುಡ್ಡದ ತುಂಬ ಜನ. ಬಾಗಿಲ ಪಕ್ಕದ ಫಲಕದ ಮೇಲೆ ಬಟ್ಟೆ. "ಅದೇ ಹಳೇದಿದ್ರೆ, ಮಿಕ್ಕ ಮಣ್ಣೆಲ್ಲ ಅದಕ್ಕೇ ಬಳೀತೀನಿ," ಎಂದು ಕೋರಲೀ ಗಂಡನ ಕಿವಿಯಲ್ಲಿ ಪಿಸುಗುಟ್ಟಿದಳು.

ವಿನಿಫ್ರೆಡ್ ಬಟ್ಟೆ ಎಳೆದರು. ಅವರ ಉಗುರುಗಳಲ್ಲಿ ಇನ್ನೂ ನೀಲಿ ಬಣ್ಣವಿತ್ತು. ಫಲಕದಲ್ಲೂ ಅದೇ ನೀಲಿ, ಅಕ್ಷರ ಸ್ವಲ್ಪ ಸೊಟ್ಟ:

'ಈ ಮನೆಯನ್ನು ಕೆತ್ತಿ ಕಟ್ಟಿದವನು ಸೈಲಸ್ ಟ್ಯಾಂಡಿ. ಕ್ಯಾಪ್ಟನ್ ಹಾರ್ಡೆಸ್ಟಿ ಅವನನ್ನು ಗುಲಾಮನಾಗಿ ಇಟ್ಟುಕೊಂಡಿದ್ದ.'

ಕೋರಲೀ ಮಣ್ಣಿನ ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದಳು.

"ಟ್ಯಾಂಡಿಯವರೇ," ಎಂದರು ವಿನಿಫ್ರೆಡ್, ಎಲ್ಲರಿಗೂ ಕೇಳುವಂತೆ. "ಮನೆ ನೀವೇ ತೋರಿಸಿ. ನನಗೆ ಬರೋದು ಆ ಹಳೇ ಕಥೆ ಮಾತ್ರ."

ಲೂಷಿಯಸ್ ಟೋಪಿ ತೆಗೆದ. ಮತ್ತೆ ಏನನ್ನಿಸಿತೋ, ತಲೆಗೆ ಸರಿಯಾಗಿ ಹಾಕಿಕೊಂಡ. ಕೊಡಲಿಯನ್ನು ಎಡಗೈಗೆ ತೆಗೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಗೋಡೆಯ ಪಕ್ಕ ನಿಂತ.

"ಹತ್ತಿರ ಬನ್ನಿ, ಮುಟ್ಟಿ ನೋಡಿ," ಎಂದ. "ನಮ್ಮ ಅಜ್ಜನ ಅಜ್ಜ ಎಡಚ."