ಅರಿಶಿನ ಹಚ್ಚಿದ ಹಡಗಿನ ಬಾಗಿಲು

ನನ್ನ ಅತ್ತೆ ಸಿದ್ದಲಿಂಗವ್ವ ಅಲ್ಲಿಯವರೆಗೆ ಸಮುದ್ರ ನೋಡಿದವಳಲ್ಲ, ಹಡಗಂತೂ ದೂರದ ಮಾತು. ಅಂಥವಳು ನೌಕಾಪಡೆಯ ಯುದ್ಧನೌಕೆಗೆ ಕೈ ಹಾಕಿದಳು. ಅದೂ ಅರಿಶಿನದ ಕೈ. ಆ ಮುಂಜಾನೆ ನಾನು ಅವಳ ಮೇಲೆ ಹಾರಾಡಿದ್ದು ನಿಡಗುಂದಿಯ ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಕೇಳಿಸಲಿ. ಸಿಟ್ಟು ಬಂದಾಗ ಮೆತ್ತಗೆ ಮಾತಾಡುವ ವಿದ್ಯೆಯನ್ನು ನನಗೆ ಯಾರೂ ಕಲಿಸಿಲ್ಲ.

ಇದು 2003ರ ಮಾತು. ಆಲಮಟ್ಟಿ ಅಣೆಕಟ್ಟಿನ ಗೇಟುಗಳ ಕೆಲಸ ನಡೆದಷ್ಟು ದಿನ ನಮ್ಮ ತಗಡಿನ ಶೆಡ್ಡಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಹೊರಗಿನ ಓಡಾಟ ನನ್ನ ಗಂಡ ಕಲ್ಮೇಶನದು, ಒಳಗಿನ ಯಜಮಾನಿಕೆ ನನ್ನದು, ವೆಲ್ಡಿಂಗು ಇಸಾಕನದು. ಗೇಟುಗಳು ಮುಗಿದವು, ಕೆಲಸವೂ ಮುಗಿಯಿತು. ಉಳಿದದ್ದು ಕಿಟಕಿಯ ಸರಳು, ಕಬ್ಬಿನ ಟ್ರಾಲಿಯ ರಿಪೇರಿ. ಇಸಾಕ ಪುಣೆಯ ಕಾರ್ಖಾನೆಗೆ ಹೋಗುವ ಮಾತು ತೆಗೆದ. ಅವನ ಹೆಂಡತಿ ಶಮಶಾದಬಿ ನನ್ನ ಜೀವದ ಗೆಳತಿ, ಅವರ ಹಿತ್ತಿಲು ನಮ್ಮ ಹಿತ್ತಿಲಿಗೆ ಅಂಟಿಕೊಂಡಿದೆ. ಅವಳು ಹೋದರೆ ನಾನು ದಿನಾ ಯಾರ ಜೊತೆ ಜಗಳಾಡಲಿ?

ಅಷ್ಟರಲ್ಲಿ ಯುದ್ಧನೌಕೆ ಬಂತು. ಕರಾವಳಿಯಲ್ಲಿ ಸರ್ಕಾರದ ಹಡಗುಕಟ್ಟೆಯವರು ನೌಕಾಪಡೆಗೆ ಹೊಸ ಹಡಗು ಕಟ್ಟುತ್ತಿದ್ದರು. ಅದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಉಕ್ಕು ಒಂದು ಕಡೆಯಿಂದ, ಇಂಜಿನ್ನು ಇನ್ನೊಂದು ಕಡೆಯಿಂದ, ಬಾಗಿಲುಗಳ ಗುತ್ತಿಗೆ ಬೆಳಗಾವಿಯ ಒಂದು ಕಂಪನಿಗೆ. ಅಣೆಕಟ್ಟಿನ ನೀರು ತಡೆದವರು ಹಡಗಿನ ನೀರು ತಡೆಯಲಾರರೇ ಅಂತ ಆ ಕಂಪನಿಯವರು ನಮ್ಮನ್ನು ಹುಡುಕಿಕೊಂಡು ಬಂದರು. ಹಡಗಿನ ಒಂದು ಕೋಣೆಗೆ ನೀರು ನುಗ್ಗಿದರೂ ಪಕ್ಕದ ಕೋಣೆಗೆ ಹನಿ ದಾಟಬಾರದು, ಅಂಥ ಬಾಗಿಲು ಬೇಕಿತ್ತು. ಮೊದಲು ಒಂದನ್ನು ಮಾಡಿ ತೋರಿಸಿ, ಪಾಸಾದರೆ ಇಡೀ ಹಡಗಿನ ಬಾಗಿಲು ನಿಮ್ಮವು, ಇಲ್ಲದಿದ್ದರೆ ನಮಸ್ಕಾರ ಎಂದರು. ನಮಸ್ಕಾರ ಅಂದರೆ ಶೆಡ್ಡಿಗೆ ಬೀಗ, ಇಸಾಕನ ಸಂಸಾರ ಪುಣೆ ಬಸ್ಸಿಗೆ.

ಬಾಗಿಲು ತಯಾರಾಯಿತು. ಚೌಕಟ್ಟಿನ ನಾಲ್ಕೂ ಕಡೆ ಎದ್ದು ನಿಂತ ಉಕ್ಕಿನ ತೆಳು ಅಂಚು, ಕದದ ಸುತ್ತ ಬಿಳಿ ರಬ್ಬರು. ಕದ ಮುಚ್ಚಿದಾಗ ಅಂಚು ರಬ್ಬರನ್ನು ಕಚ್ಚಿ ಹಿಡಿಯಬೇಕು. ಹಿಡಿಯಿತೋ ಇಲ್ಲವೋ ನೋಡಲು ಅಂಚಿಗೆ ನೀಲಿ ಸೀಮೆಸುಣ್ಣ ಹಚ್ಚಿ, ಕದ ಮುಚ್ಚಿ ತೆರೆಯುತ್ತಾರೆ. ರಬ್ಬರಿನ ಮೇಲೆ ನೀಲಿ ಗೆರೆ ಎಲ್ಲೂ ತುಂಡಾಗದೆ ಮೂಡಬೇಕು. ತುಂಡಾದಲ್ಲಿ ನೀರು ಬರುತ್ತದೆ. ಬಾಗಿಲು ಪರೀಕ್ಷಿಸಲು ನೌಕಾಪಡೆಯ ಸಾಹೇಬ ಬರುವ ಹಿಂದಿನ ದಿನ ಗೆರೆ ಚೊಕ್ಕವಾಗಿ ಮೂಡಿತು. ಆ ಖುಷಿಯಲ್ಲೇ ಬಾಗಿಲನ್ನು ಚೈನಿನಿಂದ ಎತ್ತಿ, ಬೆಳಕಿನಲ್ಲಿ ಚೆಂದ ಕಾಣಲಿ ಅಂತ ಅಂಗಳದ ಕಂಬಗಳಿಗೆ ಬಿಗಿದೆವು.

ಸಂಜೆ ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಏನ ಸುನಂದಾ, ಇಷ್ಟೆತ್ತರ ಹೊಸ್ತಿಲ ಯಾವ ಮನಿಗಿ ಇಡ್ತಾರ? ಮುದುಕ್ಯಾರು ದಾಟೂದು ಹ್ಯಾಂಗ?"

"ಮನಿಗಲ್ರಿ ಅತ್ತಿ, ಹಡಗಿಗೆ. ಅಲ್ಲಿ ಮುದುಕ್ಯಾರು ಇರೂದಿಲ್ಲ."

"ಮಂದಿ ಇರ್ತಾರಲ್ಲ? ಉಣ್ತಾರ, ಮಲಗ್ತಾರಲ್ಲ?"

"ಹೌದ್ರಿ."

"ಹಂಗಾದ್ರ ಅದು ಮನೀನ," ಎಂದು ಅತ್ತೆ ಒಳಗೆ ಹೋದಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಬೆಳಗ್ಗೆ ಎದ್ದು ಅಂಗಳಕ್ಕೆ ಬಂದರೆ, ಯವ್ವಾ, ಬಾಗಿಲಿಗೆ ಮದುವೆಯೇ ಆಗಿಹೋಗಿತ್ತು. ಹೊಸ ಚೌಕಟ್ಟಿಗೆ ಅರಿಶಿನ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಉಕ್ಕಿನ ಅಂಚಿಗೆ ನೀರರಿಶಿನ ಬಳಿದು, ಮೇಲ್ಪಟ್ಟಿಗೆ ವಿಭೂತಿ, ಕುಂಕುಮ ಇಟ್ಟು, ಹಿಡಿಕೆಗೆ ಹಸಿರು ಖಣದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ ಕಟ್ಟಿ ಉಡಿ ತುಂಬಿದ್ದಳು. ಸಾಲದ್ದಕ್ಕೆ ಕದವನ್ನೂ ಬಿಗಿಯಾಗಿ ಮುಚ್ಚಿದ್ದಳು. ತೆರೆದು ನೋಡಿದೆ. ರಬ್ಬರಿಗೆ ಸೀಮೆಸುಣ್ಣ ಬಿಟ್ಟು ಬೇರೇನೂ ತಾಗಬಾರದು ಅಂತ ಕಂಪನಿಯವರು ಹೇಳಿ ಹೇಳಿ ಹೋಗಿದ್ದರು. ಅದೀಗ ಹಳದಿ.

"ಏನ ಮಾಡೀರಿ ಇದು? ಸಾಹೇಬ ಇನ್ನೇನು ಬಂದ. ನಮ್ಮ ಅನ್ನಕ್ಕ ಮಣ್ಣ ಹಾಕಿದ್ರಿ."

ಅತ್ತೆ ಜಗ್ಗಲಿಲ್ಲ. "ಮನಿ ಮಗಳನ್ನ ಬರೇ ಉಡೀಲೆ ಕಳಸ್ತಾರೇನ? ನೀರಾಗ ಹೋಗಾಕೀ ಬ್ಯಾರೆ."

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅನ್ನುತ್ತಲೇ ಒದ್ದೆ ಬಟ್ಟೆ ಹಿಡಿದು ರಬ್ಬರು ತಿಕ್ಕಲು ನಿಂತೆ. ಶಮಶಾದಬಿ ಬೇಲಿ ದಾಟಿ ಓಡಿಬಂದಳು, ಹಿಂದೆ ಇಸಾಕ. ತಿಕ್ಕುತ್ತ ಮೇಲಿನ ಮೂಲೆಗೆ ಹೋದರೆ ಅಲ್ಲಿ ಅರಿಶಿನವೇ ಇಲ್ಲ. ಒಂದು ಗೇಣು ರಬ್ಬರು ಬೆಳ್ಳಗೆ ಉಳಿದಿತ್ತು.

"ಅಲ್ಲಿ ನಿಮ್ಮ ಕೈ ಮುಟ್ಟಲಿಲ್ಲೇನ್ರಿ?" ಎಂದೆ ಕೊಂಕಿನಿಂದ.

ಈಗ ಅತ್ತೆಗೆ ಸಿಟ್ಟು ಬಂತು. "ಸ್ಟೂಲ್ ಹಾಕ್ಕೊಂಡು ಹಚ್ಚೇನಿ. ಅರ್ಧಾಮರ್ಧಾ ಪೂಜಿ ಮಾಡೂ ಮನಿ ಅಲ್ಲ ನಂದು. ನೋಡಿಲ್ಲಿ."

ನೋಡಿದೆವು. ಚೌಕಟ್ಟಿನ ಆ ಮೂಲೆಯಲ್ಲಿ ಅರಿಶಿನ ದಪ್ಪಗೆ ಮೆತ್ತಿತ್ತು, ಅವಳ ಬೆರಳ ಗುರುತು ಕೂಡ ಅಳಿಸಿರಲಿಲ್ಲ. ಅಂದರೆ ರಬ್ಬರು ಅಲ್ಲಿ ಅಂಚನ್ನು ಮುಟ್ಟಿಯೇ ಇಲ್ಲ.

ಇಸಾಕನ ಮುಖ ಇಳಿಯಿತು. "ಅಕ್ಕಾ, ನಿನ್ನೆ ಎತ್ತಿ ಬಿಗಿಯೂವಾಗ ಚೌಕಟ್ಟು ತಿರುಚೈತಿ. ಸಾಹೇಬ ನೀರ ಹೊಡೆದಿದ್ರ ಇಲ್ಲೇ ಸೋರ್ತಿತ್ತು."

ನನ್ನ ಕೈಯ ಬಟ್ಟೆ ಕೆಳಗೆ ಬಿತ್ತು. ಎತ್ತಿದ ಮೇಲೆ ಮತ್ತೊಮ್ಮೆ ನೋಡಬೇಕು ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಸಾಕ, ಕಲ್ಮೇಶ ಬೋಲ್ಟು ಸಡಿಲಿಸಿ ಚೌಕಟ್ಟನ್ನು ನೆಟ್ಟಗೆ ಮಾಡಿದರು, ಕೀಲಿನ ಕೆಳಗೆ ತೆಳು ತಗಡು ಕೊಟ್ಟರು. ಆಮೇಲೆ ಇಸಾಕ, "ಅವ್ವಾರ, ಇನ್ನೊಮ್ಮೆ ಹಚ್ರಿ," ಎಂದ.

ಅತ್ತೆ ಕಟ್ಟೆಯ ಮೇಲೆ ಕುಳಿತು ಸೆರಗು ಸರಿ ಮಾಡಿಕೊಂಡಳು. "ಸುನಂದಾ ಹೇಳ್ಲಿ."

ಕಲ್ಮೇಶ ಆಕಾಶ ನೋಡಿದ. ಶಮಶಾದಬಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಹೊತ್ತು ಪೂರಾ ಅತ್ತೆಯದೇ ಕಾಲ.

"ತಪ್ಪಾತ್ರಿ ಅತ್ತಿ. ಹಚ್ರಿ," ಎಂದೆ, ಹಲ್ಲು ಕಚ್ಚಿಕೊಂಡು.

ಹಚ್ಚಿದಳು. ಮುಚ್ಚಿ ತೆರೆದರೆ ಗೆರೆ ಎಲ್ಲೂ ತುಂಡಾಗದೆ ಮೂಡಿತ್ತು. ತೊಳೆದೆವು, ಒರೆಸಿದೆವು. ಆದರೆ ಅರಿಶಿನದ ಕಲೆ ಎಲ್ಲಿಗೆ ಹೋಗುತ್ತದೆ? ಹಿಡಿಕೆಯ ಉಡಿಯನ್ನು ಬಿಚ್ಚಲು ಅತ್ತೆ ಬಿಡಲೇ ಇಲ್ಲ.

ಕಂಪನಿಯವರ ಜೊತೆ ಸಾಹೇಬ ಬಂದ. ಬಿಳಿ ಸಮವಸ್ತ್ರದ ಎತ್ತರದ ಮನುಷ್ಯ, ಮಾತು ಕಡಿಮೆ. ರಬ್ಬರು ನೋಡಿ, ಇದೇನು ಅಂತ ಹಿಂದಿಯಲ್ಲಿ ಕೇಳಿದ. ಕಂಪನಿಯವರ ಮುಖ ಬೆಳ್ಳಗಾಯಿತು. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಸೀಮೆಸುಣ್ಣ ಹಚ್ಚಿದ, ಮುಚ್ಚಿದ, ತೆರೆದ. ಹಳದಿ ಗೆರೆಯ ಮೇಲೆ ನೀಲಿ ಗೆರೆ ಪೂರ್ತಿ ಮೂಡಿತ್ತು. ಆಮೇಲೆ ಪಂಪು ಹಚ್ಚಿ ಪೈಪಿನಿಂದ ರಭಸದ ನೀರು ಹೊಡೆಸಿದ. ತಾನು ಈ ಕಡೆ ನಿಂತು ಅಂಚಿನುದ್ದಕ್ಕೂ ಕರವಸ್ತ್ರ ಎಳೆದ. ಆ ಮೇಲಿನ ಮೂಲೆಯಲ್ಲಿ ಅವನ ಕೈ ನಿಂತಾಗ ನಾನೂ ಇಸಾಕನೂ ಕತ್ತು ಚಾಚಿದೆವು. ಕರವಸ್ತ್ರ ಒಣಗೇ ಇತ್ತು.

"ಕಲೆ ಬಿದ್ದ ರಬ್ಬರು ಹಡಗಿಗೆ ಹೋಗುವಂತಿಲ್ಲ, ಅದನ್ನು ಬದಲಾಯಿಸಿ ಮತ್ತೆ ಪರೀಕ್ಷಿಸಿ," ಎಂದ. "ಆದರೆ ಬಾಗಿಲು ಪಾಸು," ಎಂದ. ಆಮೇಲೆ ಉಡಿಯನ್ನು ಮುಟ್ಟಿ ನೋಡಿ ನಕ್ಕ. "ಹಡಗು ನೀರಿಗೆ ಇಳಿಸುವಾಗ ನಾವೂ ಹೆಣ್ಣುಮಗಳ ಕೈಯಿಂದಲೇ ಕುಂಕುಮ ಹಚ್ಚಿಸಿ ಕಾಯಿ ಒಡೆಸುತ್ತೇವೆ. ನಿಮ್ಮ ಅತ್ತೆ ಸ್ವಲ್ಪ ಅವಸರ ಮಾಡಿದ್ದಾರೆ, ಅಷ್ಟೇ."

ನನಗೆ ಅಳು ಬಂತು, ಅತ್ತೆಗೆ ನಗು. ಶಮಶಾದಬಿ ಮಧ್ಯಾಹ್ನ ಒಂದು ಪಾತೆಲಿ ಶಿರಾ ತಂದಳು. "ಪುಣೆ ಗಂಟ ಬಿಚ್ಚೇನಿ. ಇನ್ನ ಜಗಳ ಆಡೂಣು ಬಾ," ಎಂದಳು. ನಾವಿಬ್ಬರೂ ಅಂದು ಜಗಳಾಡದೆ ಹೊಟ್ಟೆ ಬಿರಿಯುವಂತೆ ತಿಂದೆವು.

ಎರಡು ವರ್ಷದ ಮೇಲೆ ಹಡಗು ನೀರಿಗಿಳಿಯುವ ಹಿಂದಿನ ದಿನ, ಅದಕ್ಕೆ ದುಡಿದವರ ಮನೆಯವರಿಗೆಲ್ಲ ಒಳಗೆ ತೋರಿಸಿದರು. ಅತ್ತೆ ಮೊದಲ ಸಲ ಸಮುದ್ರ ನೋಡಿದಳು. ಹ್ಯಾಂಗೈತ್ರಿ ಅಂತ ಇಸಾಕ ಕೇಳಿದ್ದಕ್ಕೆ, "ನಮ್ಮ ಆಲಮಟ್ಟಿಕಿಂತ ಒಂಚೂರು ದೊಡ್ಡದೈತಿ," ಎಂದಳು. ಹಡಗಿನೊಳಗೆ ಅದೇ ಸಾಹೇಬ ನಮ್ಮ ಬಾಗಿಲ ಮುಂದೆ ನಿಂತಿದ್ದ. ಹೊಸ್ತಿಲು ಎತ್ತರ, ಅತ್ತೆಯ ಮೊಣಕಾಲು ಏಳಲಿಲ್ಲ. ಒಂದು ಕಡೆ ಸಾಹೇಬ, ಒಂದು ಕಡೆ ಇಸಾಕ ಹಿಡಿದು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಅವಳನ್ನು ದಾಟಿಸಿದರು.

ಆಚೆ ನಿಂತು ಅವಳು ಚೌಕಟ್ಟಿನ ಮೇಲೆ ಕೈಯಾಡಿಸಿದಳು. ಆಮೇಲೆ ಮೆಲ್ಲಗೆ ಸೆರಗಿನ ತುದಿಯ ಗಂಟು ಬಿಚ್ಚತೊಡಗಿದಳು. ಒಳಗೆ ಒಂದು ಚಿಟಿಕೆ ಅರಿಶಿನ. ಬಿಚ್ಚಿದವಳು ಹಚ್ಚಲಿಲ್ಲ. ಎಲ್ಲರನ್ನೂ ಬಿಟ್ಟು ನನ್ನ ಮುಖ ನೋಡಿದಳು. ಸಾಹೇಬ ಆ ಕಡೆ ತಿರುಗಿ ಏನೋ ನೋಡುತ್ತ ನಿಂತ.

"ಹಚ್ರಿ ಅತ್ತಿ," ಎಂದೆ. "ನಾಕೂ ಕಡಿ ಹಚ್ರಿ."