ಕೆಂಪು ನಾಲಿಗೆ

"ನಂದೀಶ ಮಾಡಿದ್ನಲ್ಲ ಕೆಂಪು ನಾಲಿಗೆ, ಅದೆಲ್ಲೋಯ್ತಪ್ಪಾ?"

ಅತ್ತೆ ರುಕ್ಮಿಣಮ್ಮ ತಮ್ಮ ಕಾರಿನ ಹಿಂಬಾಗಿಲಲ್ಲಿ ತಲೆ ತೂರಿಸಿ ಕೇಳಿದಾಗ ಮುನಿರಾಜ್ ಕೊನೆಯ ದಾರವನ್ನು ಹಲ್ಲಿನಿಂದ ಕಡಿದ. ಎರಡು ದಿನ ಕೂತು ಹೊಲಿದ ಮೆರೂನ್ ರೆಕ್ಸಿನ್ ಕವರು ಅತ್ತೆಗೆ ಕಾಣಲಿಲ್ಲ. ಕಾಣದ ನಾಲಿಗೆ ಕಂಡಿತು.

"ಒಳಗೇ ಐತೆ ಅತ್ತೆ, ಕವರ್ ಕೆಳಗೆ."

"ಇದ್ರೆ ಸಾಕು ಬಿಡು."

ಹೋದ ವರ್ಷ ಮಾವ ರಾಮಾಂಜಿನಪ್ಪ ಬೂದಿಗೆರೆ ಹತ್ತಿರ ನಾಯಿ ಅಡ್ಡ ಬಂತೆಂದು ಬ್ರೇಕ್ ಒತ್ತಿದ್ದರು. ನಾಯಿ ಉಳಿಯಿತು. ಡಿಕ್ಕಿಯಲ್ಲಿದ್ದ ಹಲಸಿನ ಹಣ್ಣು ಉರುಳಿ ಬಂದು ಗುದ್ದಿದ ಏಟಿಗೆ ಹಿಂದಿನ ಸೀಟಿನ ಮಡಚುವ ಬೆನ್ನು ದಡಕ್ಕನೆ ಮುಂದಕ್ಕೆ ಬಿದ್ದು, ರುಕ್ಮಿಣಮ್ಮ ಒಂದು ತಿಂಗಳು ಹಾಸಿಗೆ ಹಿಡಿದರು. ಹಿರಿಯ ಅಳಿಯ ಮುನಿರಾಜ್ ಕಿತ್ತಳೆ ತಂದು ನೋಡಿಕೊಂಡು ಹೋದ. ಕಿರಿಯ ಅಳಿಯ ನಂದೀಶ ಹೊಸಕೋಟೆಯಿಂದ ವೆಲ್ಡಿಂಗ್ ಮೆಷಿನ್ನನ್ನೇ ಹೊತ್ತು ತಂದ. ಸೀಟಿನ ಬೆನ್ನಿಗೆ ದಪ್ಪ ಕೊಕ್ಕೆ ಕೂರಿಸಿದ, ಕೊಕ್ಕೆಯ ತಲೆಗೊಂದು ಕೆಂಪು ತಗಡು. ಕೊಕ್ಕೆ ಪೂರ್ತಿ ಕಚ್ಚಿದರೆ ತಗಡು ಒಳಗೆ. ಕಚ್ಚದಿದ್ದರೆ ಸೀಟಿನ ಮೂಲೆಯಲ್ಲಿ ನಾಲಿಗೆ ಚಾಚಿದ ಹಾಗೆ ಎದ್ದು ನಿಲ್ಲುತ್ತದೆ.

ಅವತ್ತಿನಿಂದ ಅದು ಅಣಕಿಸುತ್ತಿದ್ದುದು ಮುನಿರಾಜನನ್ನೇ. ದೊಡ್ಡಬಳ್ಳಾಪುರದಲ್ಲಿ ಹದಿನೈದು ವರ್ಷದಿಂದ ಕಾರಿನ ಸೀಟು ಹೊಲಿಯುತ್ತಿರುವವನು ಇವನು, ಸೀಟಿನಲ್ಲಿ ಹೆಸರು ಮಾಡಿದವನು ಗೇಟು ಬೆಸೆಯುವ ಷಡ್ಡಕ! ಹೆಂಡತಿ ಶಿಲ್ಪ ಕೂಡ "ನಂದೀಶಂಗೆ ತಲೆ ಐತೆ ಕಣ್ರೀ" ಎಂದಿದ್ದಳು. ಗಂಡನಿಗೆ ಏನಿದೆ ಎಂದು ಅವಳು ಹೇಳಲಿಲ್ಲ, ಇವನೂ ಕೇಳುವ ಧೈರ್ಯ ಮಾಡಲಿಲ್ಲ.

ಅದಕ್ಕೇ ನಾಲಿಗೆ ಏಳುವ ಮೂಲೆಯ ಮೇಲೇ ಸೇವಂತಿಗೆ ಹೂವು ಹೊಲಿದ. ಹೂವು ಉಬ್ಬಲಿ ಎಂದು ಸ್ಪಂಜು ಎರಡು ಪದರ ತುರುಕಿದ. ನಿನ್ನೆ ಸಂಜೆ ಸೀಟು ನೂಕಿ ನೋಡಿದಾಗ ಟಕ್ ಅನ್ನಬೇಕಾದದ್ದು ಪುಸ್ ಅಂದಿತು. ಸ್ಪಂಜು ಅಡ್ಡ ಬಂದು ಕೊಕ್ಕೆ ಅರ್ಧಕ್ಕೇ ನಿಂತಿತ್ತು. ಅದನ್ನು ಹೇಳಬೇಕಾದ ನಾಲಿಗೆ ಹೂವಿನಡಿ ಸಿಕ್ಕಿಕೊಂಡಿತ್ತು. ಮುನಿರಾಜನ ನಾಲಿಗೆಗೆ ಅಂಥ ಅಡ್ಡಿಯೇನೂ ಇರಲಿಲ್ಲ, ಆದರೂ ಅಲ್ಲಾಡಲಿಲ್ಲ. ಖಾಲಿ ಕಾರು ಮಾವನ ಊರು ತೂಬಗೆರೆಗೆ ಹೋಗುತ್ತದೆ, ಒಂದು ದಿನ ಸೀಟು ಗಡಗಡ ಅನ್ನುತ್ತದೆ, 'ಏನ್ಲಾ ನಂದೀಶ, ಇದೇನಾ ನಿನ್ ಕೊಕ್ಕೆ?' ಎಂದು ಮಾವ ಕೇಳುತ್ತಾರೆ. ಅಷ್ಟಾದರೆ ಸಾಕಿತ್ತು.

ಆದರೆ ಅತ್ತೆ ಮಾವ ಬಂದಿಳಿದ ಆಟೋದಲ್ಲಿ ಹಲಸಿನ ಹಣ್ಣುಗಳಿದ್ದವು. ಮಾವ ಒಂದೊಂದಾಗಿ ತಂದು ಡಿಕ್ಕಿಗೆ ತುಂಬತೊಡಗಿದರು.

"ಇದೆಲ್ಲಿಗೆ ಮಾವ?"

"ಹಿಂಗೇ ಹೊಸಕೋಟೆಗೆ ಹೋಗ್ಬತ್ತೀವಿ ಕಣಪ್ಪ. ಬಾವಿ ಮರದ ಮೊದಲ್ನೇ ಹಣ್ಣು, ನಂದೀಶಂಗೆ."

ಬಾವಿ ಮರದ ಮೊದಲ ಹಣ್ಣು ಹಿರಿಯ ಅಳಿಯನಿಗೆ. ಮದುವೆಯಾದ ವರ್ಷದಿಂದ ತಪ್ಪಿರಲಿಲ್ಲ.

"ಈ ಸಲ ಅವ್ನಿಗಿರ್ಲಿ ಅಂದ್ಲು ನಿಮ್ಮತ್ತೆ. ನಿಂಗೂ ಒಂದ್ ತಂದಿವ್ನಿ, ಚಿಕ್ದು," ಎಂದು ಮಾವ ಹೊಲಿಗೆ ಮೆಷಿನ್ ಪಕ್ಕ ತೆಂಗಿನಕಾಯಿಗಿಂತ ತುಸು ದೊಡ್ಡದೊಂದನ್ನು ಇಟ್ಟರು. ಮುನಿರಾಜ್ ಅದನ್ನು ಮೂಲೆಗೆ ಸರಿಸಿದ. ಹೋಗಲಿ. ಹೊಸಕೋಟೆ ತನಕ ಹೋಗಲಿ, ನಂದೀಶನ ಮನೆ ಬಾಗಿಲಲ್ಲೇ ಆ ಕೊಕ್ಕೆಯ ಬಣ್ಣ ಬಯಲಾಗಲಿ.

ರುಕ್ಮಿಣಮ್ಮ ಹಿಂದಿನ ಸೀಟಿನಲ್ಲಿ ಕೂತು ಸೇವಂತಿಗೆಯನ್ನು ಸವರಿದರು.

"ಅವತ್ತಿಂದ ಹಿಂದೆ ತಿರುಗಿ ತಿರುಗಿ ನೋಡ್ಕಂಡೇ ಕೂತ್ಕತಿದ್ದೆ ಕಣಪ್ಪ. ಇನ್ಮೇಲೆ ನೋಡಕಿಲ್ಲ. ಕೊಕ್ಕೆ ಅವುಂದು, ಮೆತ್ತೆ ನಿಂದು. ಬೆನ್ನಿಗೆ ಇಬ್ರು ಅಳಿಯಂದ್ರೂ ಅವ್ರೆ ನಂಗೆ." ಹಾಗೆಂದು ಒರಗಿ ಕಣ್ಣು ಮುಚ್ಚಿದರು.

ಮಾವ ಗಾಡಿ ಸ್ಟಾರ್ಟ್ ಮಾಡಿದರು. ಡಿಕ್ಕಿಯಲ್ಲಿ ಒಂದು ಹಣ್ಣು ಹೊರಳಿ ಸೀಟಿಗೆ ತಾಗಿತು. ಸೇವಂತಿಗೆ ಒಂದು ಬೆರಳಷ್ಟು ಮುಂದಕ್ಕೆ ಬಾಗಿತು. ಕಂಡದ್ದು ಮುನಿರಾಜನೊಬ್ಬನಿಗೇ.

"ಮಾವ, ಆಫ್ ಮಾಡಿ! ಅತ್ತೆ, ಒಸಿ ಇಳೀರಿ."

"ಯಾಕಪ್ಪಾ?"

"ಇಳೀರಿ ಅಂದ್ನಲ್ಲ!"

ಡಿಕ್ಕಿ ತೆಗೆದು, ಹಣ್ಣನ್ನು ಎರಡೂ ಕೈಯಲ್ಲಿ ಹಿಂದಕ್ಕೆ ನೂಕಿ, ಕತ್ತರಿಯನ್ನು ಹೂವಿನ ಅಂಚಿಗೆ ಹಾಕಿದ.

"ಅಯ್ಯೋ, ಅಂಥಾ ಹೂವಾ!" ಎಂದರು ಅತ್ತೆ.

ಹೂವು ಸ್ಪಂಜಿನ ಸಮೇತ ಕಿತ್ತು ಬಂತು. ಅದರ ಜಾಗದಲ್ಲಿ ಕೆಂಪು ನಾಲಿಗೆ ಉದ್ದಕ್ಕೆ ಚಾಚಿ ನಿಂತಿತ್ತು.

"ಹಂಗಾರೆ ಕಚ್ಚೇ ಇರ್ಲಿಲ್ವೇನ್ಲಾ?" ಮಾವನ ದನಿ ಸಣ್ಣಗಾಯಿತು.

"ಸ್ಪಂಜು ಜಾಸ್ತಿ ಆಗಿತ್ತು. ಕೊಕ್ಕೆ ಸರಿಯಾಗೇ ಐತೆ. ನಂದೇ ತಪ್ಪು."

ಸೀಟು ನೂಕಿದ. ಟಕ್. ನಾಲಿಗೆ ಒಳಗೆ ಹೋಯಿತು.

ರುಕ್ಮಿಣಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಹತ್ತಿ ಕೂತ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ಆಮೇಲೆ ಒರಗಿದರು.

ಕಾರು ದೇವನಹಳ್ಳಿ ರಸ್ತೆಗೆ ತಿರುಗಿ ಮರೆಯಾಯಿತು. ಮುನಿರಾಜ್ ಕತ್ತರಿಸಿದ ಸೇವಂತಿಗೆಯನ್ನು ಬುಟ್ಟಿಗೆ ಎಸೆಯಲು ಹೋದ. ಅಂಗೈ ತುಂಬ ಹಲಸಿನ ಅಂಟು. ಎಷ್ಟು ಕೊಡವಿದರೂ ಹೂವು ಕೈ ಬಿಡಲಿಲ್ಲ.